ಏಳರ ಮಗ್ಗಿ

ಒಳಕೋಣೆಯಿಂದ ಏಳರ ಮಗ್ಗಿ ಕೇಳಿಬಂತು. ಗಂಡನದೇ ದನಿ. ಅವಳು ಹೊಲಿಗೆ ಯಂತ್ರದ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿ ಒಂದು ಘಳಿಗೆ ಕಿವಿಗೊಟ್ಟಳು. ಶನಿವಾರ, ಅರ್ಧ ದಿನದ ಶಾಲೆ. ಮಗಳು ಎಂದಿನಂತೆ ಹಿತ್ತಿಲ ಬಾಗಿಲಿನಿಂದ ಬಂದು ನೇರ ಅಪ್ಪನ ಮಂಚ ಹತ್ತಿರಬೇಕು. ಮನೆಯಲ್ಲಿ ಅಮ್ಮ ಅಂತಲೂ ಒಬ್ಬಳಿದ್ದಾಳೆ ಎನ್ನುವುದು ಆ ಹುಡುಗಿಗೆ ಹೊಟ್ಟೆ ಹಸಿದ ಮೇಲೆಯೇ ನೆನಪಾಗುವುದು.

"ಅಪ್ಪಂಗೆ ಸ್ವಲ್ಪ ಉಸಿರಾಡೋಕೆ ಬಿಡೇ," ಎಂದು ಕೂತಲ್ಲಿಂದಲೇ ಕೂಗಿ ಮತ್ತೆ ಪೆಡಲು ತುಳಿದಳು. ಉತ್ತರ ಬಂದಿದ್ದರೂ ಯಂತ್ರದ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಸಂಜೆಯೊಳಗೆ ಪರದೆಗಳ ಅಂಚು ಹೊಲಿದು ಕೊಡಬೇಕಿತ್ತು.

ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು ಅವನು. ಅಲ್ಲಿ ಕೂಗಿದ್ದು ಸಾಲದೆಂಬಂತೆ ಮನೆಯಲ್ಲೂ ಬಾಯಿಗೆ ಬಿಡುವಿರಲಿಲ್ಲ. ಗಾಡಿಯವರ ಜಗಳದಿಂದ ಹಿಡಿದು ಯಜಮಾನ ಕಟ್ಟಿಸಿಕೊಂಡ ಹೊಸ ಹಲ್ಲಿನವರೆಗೆ ಎಲ್ಲವನ್ನೂ ಹೇಳಿಯೇ ಉಣ್ಣಬೇಕು. ಒಮ್ಮೆ ಅವಳು ರೇಗಿ, ಆ ಬಾಯಿ ಒಂದು ದಿನವಾದರೂ ಮುಚ್ಚಬಾರದೇ ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಚಳಿಗಾಲದಲ್ಲೇ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲಿನ ಜೊತೆ ಮಾತೂ ಹೋಯಿತು. ಹೆಂಡತಿಯ ಹೆಸರು ಕೂಡ ನಾಲಗೆಗೆ ಬರಲಿಲ್ಲ. ತನ್ನ ಮಾತೇ ತಟ್ಟಿತೆಂಬ ಕೊರಗು ಅವಳನ್ನು ಬಿಡಲಿಲ್ಲ.

ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಕೆಲವೊಮ್ಮೆ ಉಳಿದಿರುತ್ತದೆ, ಜೊತೆಗೆ ಕೂತು ಹೇಳಿಸಿ ನೋಡಿ ಎಂದಿದ್ದರು ಡಾಕ್ಟರು. ಮಗಳು ಆಗ ಏಳರ ಮಗ್ಗಿಯಲ್ಲಿ ಮುಗ್ಗರಿಸುತ್ತಿದ್ದಳು. ಮಂಚದ ಅಂಚಿನಲ್ಲಿ ಕೂತು ಬಾಯಿಪಾಠ ಮಾಡುತ್ತಾ ಏಳಾರ್ಲ ಎಂಬಲ್ಲಿ ತಡವರಿಸಿದಾಗ ಅಪ್ಪನ ಬಾಯಿಂದ "ನಲವತ್ತೆರಡು" ಬಂತು. ಅಂದಿನಿಂದ, ಮಗ್ಗಿ ನೀರು ಕುಡಿದಷ್ಟು ಸಲೀಸಾದ ಮೇಲೂ, ಹುಡುಗಿ ಬೇಕೆಂದೇ ಅಲ್ಲಿ ನಿಲ್ಲುತ್ತಿದ್ದಳು. ಅಪ್ಪ ಪೂರ್ತಿ ಮಾಡುತ್ತಿದ್ದ. ಅವನಿಗೆ ಉಳಿದಿದ್ದ ಮಾತು ಆ ಮಗ್ಗಿಯೊಂದೇ. ಹೋದ ವಾರ ಅವನೊಬ್ಬನೇ ಏಳೊಂದ್ಲ ಎಂದು ಶುರುಮಾಡಿದಾಗ ಮಗಳು ಓಡಿಹೋಗಿ ನೀರು ಕುಡಿಸಿ ಬಂದಿದ್ದಳು.

"ಅಪ್ಪ ಕರೀತಿದ್ರು ಅಮ್ಮ."

"ಬಾಯಾರಿದ್ರೂ ಮಗ್ಗಿನಾ? ಒಳ್ಳೇ ಮೇಷ್ಟ್ರು ಕಣೇ ನಿಮ್ಮಪ್ಪ," ಎಂದು ಅವಳು ನಕ್ಕಿದ್ದಳು.

ಈಗ ಅವಳು ಯಂತ್ರ ನಿಲ್ಲಿಸಿ ದಾರ ಕತ್ತರಿಸುವಾಗ ಒಳಗೆ ಮಗ್ಗಿ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಗಟ್ಟಿಯಾಗಿ, ಹರಾಜು ಕೂಗುವಾಗಿನ ಹಳೇ ಗತ್ತಿನಲ್ಲಿ. ಬಹಳ ದಿನಗಳ ಮೇಲೆ ಅವಳ ಎದೆ ಹಗುರಾಯಿತು. ದನಿ ಅವಸರ ಮಾಡಿತು, ನಡುವೆ ಒಂದೆರಡು ಹಾರಿಸಿತು, ಏಳೈದ್ಲ ಎಂಬಲ್ಲಿ ನಿಂತಿತು. ಮಗಳು ಹೇಳಿಕೊಡುತ್ತಾಳೆ ಬಿಡು ಎಂದುಕೊಂಡು ಅವಳು ಇನ್ನೊಂದು ಪರದೆಯನ್ನು ಸೂಜಿಯ ಕೆಳಗೆ ಎಳೆದುಕೊಂಡಳು.

ಆ ಅಂಚು ಮುಗಿಯುವ ಹೊತ್ತಿಗೆ ಬೀದಿ ಬಾಗಿಲು ತೆರೆಯಿತು. ಬೆನ್ನ ಮೇಲೆ ಚೀಲ ಹೊತ್ತ ಮಗಳು ಏದುಸಿರು ಬಿಡುತ್ತಾ ನಿಂತಿದ್ದಳು. ಚಿಕ್ಕ ತರಗತಿಯ ಮಕ್ಕಳಿಗೆ ಮಗ್ಗಿ ಹೇಳಿಕೊಡಲು ಟೀಚರು ಅವಳನ್ನೇ ನಿಲ್ಲಿಸಿಕೊಂಡಿದ್ದರಂತೆ. ಅದನ್ನು ಮೊದಲು ಅಮ್ಮನಿಗೇ ಹೇಳಬೇಕೆಂದು ಇವತ್ತು ಈ ಬಾಗಿಲಿನಿಂದ ಬಂದಳಂತೆ.

"ನೀನು... ಈಗ ಬಂದ್ಯಾ?"

"ಹೂಂ. ಯಾಕಮ್ಮ?"

ಅವಳು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಒಳಗೆ ಅವನು ಮಂಚದಿಂದ ಅರ್ಧ ಕೆಳಗೆ ಜಾರಿದ್ದ. ಎಡಗೈ ಬಾಗಿಲ ಕಡೆಗೆ ಚಾಚಿತ್ತು, ಕಣ್ಣುಗಳು ತೆರೆದೇ ಇದ್ದವು. ಅವಳು ಹಿಡಿದು ಅಲುಗಾಡಿಸಿದಳು, ಎದೆಗೆ ಕಿವಿಯಿಟ್ಟಳು. ಉಸಿರು ನಿಂತಿತ್ತು.

ಮಗಳು ಚೀಲವನ್ನೂ ಇಳಿಸದೆ ಅಪ್ಪನ ತಲೆಯ ಬಳಿ ಕೂತು ಏಳೊಂದ್ಲ ಏಳು ಎಂದು ಶುರುಮಾಡಿದಳು. ಮೆಲ್ಲಗೆ, ಒಂದೂ ತಪ್ಪದೆ. "ಏಳಾರ್ಲ..." ಎಂದು ನಿಲ್ಲಿಸಿ, ಅವನ ತುಟಿಗಳನ್ನೇ ನೋಡುತ್ತಾ ಕಾದಳು.

ಉತ್ತರ ತಾಯಿಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.