ಇಳಕಲ್ ಸೀರೆಯ ಚೀಲ

ಕ್ಯಾರಿಬ್ಯಾಗುಗಳು ಸಿಕ್ಕಿಕೊಂಡು ಗಟಾರ ಉಕ್ಕಿದಾಗಲೆಲ್ಲ ಹೊಲಸು ನೀರು ನುಗ್ಗುತ್ತಿದ್ದುದು ಓಣಿಯ ತಗ್ಗಿನಲ್ಲಿದ್ದ ನೀಲವ್ವನ ಮನೆಗೇ. ಕೊನೆಗೊಮ್ಮೆ ಅವಳು ಮನಸ್ಸು ಗಟ್ಟಿ ಮಾಡಿಕೊಂಡು, ತೀರಿಹೋದ ಅವ್ವನ ಇಳಕಲ್ ಸೀರೆಯನ್ನು ಕತ್ತರಿಸಿ ಹತ್ತು ಸಂತೆಚೀಲ ಹೊಲಿದು ಮನೆಮನೆಗೆ ಹಂಚಿದಳು.

ತಿಂಗಳು ಕಳೆದರೂ ಸಂತೆಗೆ ಹೋಗುವ ಯಾರ ಕೈಯಲ್ಲೂ ಚೀಲ ಕಾಣಲಿಲ್ಲ. ಅಂಜುತ್ತಲೇ ಎದುರುಮನೆಯ ಶಾಂತಕ್ಕನನ್ನು ಕೇಳಿದಳು.

"ಅಕ್ಕಾ, ಚೀಲ ಮೂಲ್ಯಾಗ ಒಗದೀಯೇನು?"

"ಹುಚ್ಚಿ! ನಿಮ್ಮವ್ವನ ಸೀರಿ ಒಗೀತೀನೇನ? ದಿನಾ ಬೇಕು ನನಗ. ನನ್ನ ನೋಡಿ ಓಣಿ ಮಂದೆಲ್ಲಾ ಹಂಗ ಮಾಡ್ಯಾರ. ಬಾ, ತೋರಸ್ತೀನಿ."

ನೀಲವ್ವನ ಎದೆ ಹಗುರಾಯಿತು. ಒಳಗೆ, ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಅವ್ವನ ಕೆಂಪು ಸೆರಗು ಉಬ್ಬಿಕೊಂಡು ಜೋತುಬಿದ್ದಿತ್ತು.

"ಸಂತಿಯಿಂದ ತಂದ ಕ್ಯಾರಿಬ್ಯಾಗೆಲ್ಲಾ ಇದರಾಗ ತುಂಬಿಡ್ತೀನಿ," ಎಂದಳು ಶಾಂತಕ್ಕ. "ಎಷ್ಟ್ ಹಿಡಿತಾವ ಅಂತಿ!"