ಕರುಣೆಯಿಲ್ಲದ ಕೋಳಿ

ಯಜಮಾನ ತಾಮ್ ಕೋಳಿಯ ತೊಡೆಯನ್ನು ಊಟದ ಕಡ್ಡಿಗಳಲ್ಲಿ ಎತ್ತಿ ಹಿಡಿದಾಗ, ಕೊಡೆ ಅಂಗಡಿಯ ಕೆಲಸಗಾರರೆಲ್ಲ ತಲೆ ತಗ್ಗಿಸಿದರು. ಅದು ಹೊಸ ವರ್ಷದ ಎರಡನೆಯ ದಿನದ ಊಟ. ಇವತ್ತು ಯಜಮಾನ ತನ್ನ ಕೈಯಾರೆ ಯಾರ ಬಟ್ಟಲಿಗೆ ಕೋಳಿ ಬಡಿಸುತ್ತಾನೋ ಅವನ ಕೆಲಸ ಹೋಯಿತೆಂದೇ ಅರ್ಥ. ‘ಕರುಣೆಯಿಲ್ಲದ ಕೋಳಿ ತಿಂದ’ ಎನ್ನುತ್ತಾರೆ ಕ್ಯಾಂಟನ್ನಿನ ಜನ. ಬಾಯಿಬಿಟ್ಟು ‘ಹೊರಡು’ ಎನ್ನಬೇಕಾದ ಮುಜುಗರ ಯಜಮಾನನಿಗಿರುವುದಿಲ್ಲ.

ತುಂಡು ಶಿಂಗನ ಬಟ್ಟಲನ್ನು ದಾಟಿತು. ಅವನು ಬಿಗಿಹಿಡಿದಿದ್ದ ಉಸಿರು ಬಿಟ್ಟ. ಮರುಕ್ಷಣವೇ ಅದು ಪಕ್ಕದ ಕಾನ್ ಮುದುಕನ ಅನ್ನದ ಮೇಲೆ ಬಿದ್ದದ್ದನ್ನು ಕಂಡು ಆ ಉಸಿರಿಗೇ ನಾಚಿದ. ಕೊಡೆಯ ಬಿದಿರಿನ ಸೀಳಿಗೆ ದಾರ ಕಟ್ಟುವುದನ್ನು ಅವನಿಗೆ ಕೈಹಿಡಿದು ಕಲಿಸಿದವನೇ ಕಾನ್. ಈಗ ಆ ಕಣ್ಣುಗಳಿಗೆ ಪೊರೆ ಬಂದು, ಬೆಳಕು ನೆರಳಿನ ಹೊರತು ಏನೂ ಕಾಣುತ್ತಿರಲಿಲ್ಲ.

ಮುದುಕ ಕಡ್ಡಿಯಿಂದ ತಡವಿ ನೋಡಿದ. “ಯಾರಪ್ಪಾ ನನಗೆ ಕೋಳಿ ಹಾಕಿದ್ದು?”

ಯಜಮಾನ ತನ್ನ ಚಹಾವನ್ನೇ ನೋಡುತ್ತಿದ್ದ.

“ನಾನೇ ಕಾನಣ್ಣ,” ಎಂದ ಶಿಂಗ್. “ನನ್ನ ಪಾಲಿಂದು. ಹಲ್ಲುನೋವು, ಅಗಿಯೋಕಾಗಲ್ಲ. ನೀವು ತಿನ್ನಿ.”

“ಹಬ್ಬದ ದಿನವೇ ಹಲ್ಲುನೋವು ತಂದ್ಕೊಂಡ್ಯಲ್ಲೋ,” ಎಂದು ಕಾನ್ ನಕ್ಕ. ಆತುರವಿಲ್ಲದೆ ತಿಂದು, ಮೂಳೆ ಚೀಪಿ ಬದಿಗಿಟ್ಟ. ಆಮೇಲೆ ಮೇಜಿನಡಿಯಲ್ಲಿ ಶಿಂಗನ ಮೊಣಕಾಲನ್ನು ಮೆಲ್ಲಗೆ ತಟ್ಟಿ, ಎದುರಿಗೆ ಮುಖವೆತ್ತಿದ.

“ಚೆನ್ನಾಗಿ ಬೆಂದಿದೆ, ಯಜಮಾನ್ರೆ. ಇಷ್ಟು ವರ್ಷ ಅನ್ನ ಹಾಕಿದ್ರಿ. ನಾಳೆಯಿಂದ ನನ್ನ ಜಾಗದಲ್ಲಿ ಶಿಂಗ್ ಕೂತ್ಕೊಳ್ಳಲಿ. ಅಲ್ಲಿ ಬೆಳಕು ಚೆನ್ನಾಗಿ ಬರುತ್ತೆ.”