ಹಳೆಯ ಕಾರ್ಖಾನೆಯಲ್ಲಿ ಅಪ್ಪ

ಮೀನಾ ಸಲ್ಮಾನ್ ಬಂದರಿನ ವರ್ಕ್‌ಶಾಪುಗಳ ಗ್ರೀಸಿನ ವಾಸನೆ ಈಗಲೂ ನನ್ನನ್ನು ಜರ್ಮನಿಯ ಒಂದು ಪುಟ್ಟ ಊರಿಗೆ ಒಯ್ಯುತ್ತದೆ.

ಬಹರೈನಿನಲ್ಲಿ ಕ್ರೇನ್ ಫಿಟ್ಟರ್ ಆಗಿದ್ದ ಅಪ್ಪನನ್ನು ಕಂಪನಿ ಅಲ್ಲಿಗೆ ತರಬೇತಿಗೆ ಕಳಿಸಿತ್ತು. ಶಾಲೆಯ ರಜೆಯಲ್ಲಿ ಅಮ್ಮನೂ ನಾನೂ ಹೋದೆವು. ಊರಾಚೆಯ ಹಳೆಯ ಕಬ್ಬಿಣದ ಕಾರ್ಖಾನೆ ಮ್ಯೂಸಿಯಂ ಆಗಿತ್ತು. ಅದನ್ನು ತೋರಿಸುತ್ತಿದ್ದ ಮುದುಕ ಮನೆಯಷ್ಟು ಎತ್ತರದ ಯಂತ್ರವನ್ನು ಚಾಲೂ ಮಾಡಿದ. ಅಪ್ಪ ಕಿವಿಗೊಟ್ಟು ಕೇಳಿ, "ಆ ಬೇರಿಂಗಿಗೆ ಎಣ್ಣೆ ಸಾಲದು" ಎಂದರು. ಮುದುಕ ಯಂತ್ರ ನಿಲ್ಲಿಸಿ ಮುಟ್ಟಿ ನೋಡಿದ. ಸುಡುತ್ತಿತ್ತು.

"ನೀವು ಇಂಜಿನಿಯರಾ?"

"ಅಲ್ಲ, ಫಿಟ್ಟರ್."

ಮುದುಕ ಟೋಪಿ ತೆಗೆದ. "ನಾನೂ ಇಲ್ಲಿ ಫಿಟ್ಟರೇ ಆಗಿದ್ದೆ" ಎಂದು ಎಣ್ಣೆಯ ಡಬ್ಬಿಯನ್ನು ಅಪ್ಪನ ಕೈಗೇ ಕೊಟ್ಟ.

"ಹೊಸ ಅಂಗಿಗೆ ತಾಗ್ತದೆ ಮಾರಾಯ್ರೆ" ಎಂದರೂ ಅಮ್ಮ ನಗುತ್ತಿದ್ದರು.

ರಜೆ ಮುಗಿದು ಬಹರೈನಿಗೆ ಮರಳಿದ ಮೇಲೆ ಈಸಾ ಟೌನಿನ ಶಾಲೆಯಲ್ಲಿ ಟೀಚರ್ ಅಪ್ಪನ ಕೆಲಸ ಕೇಳಿದಾಗ, ಅದುವರೆಗೂ 'ಆಫೀಸು' ಎನ್ನುತ್ತಿದ್ದ ನಾನು ಎದ್ದು ನಿಂತು, ಇಡೀ ಕ್ಲಾಸಿಗೆ ಕೇಳುವಂತೆ "ಫಿಟ್ಟರ್" ಎಂದೆ.